ಆಸ್ಕರ್ ಮಿಶೋ: ಒಬ್ಬ ಚಿತ್ರನಿರ್ಮಾಪಕನ ಸಾಲ ಮತ್ತು ಸ್ವಾತಂತ್ರ್ಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಪ್ಪು ಜನರು ತಮ್ಮ ಕಥೆಯನ್ನು ತಾವೇ ಚಲಚ್ಚಿತ್ರವಾಗಿ ಹೇಳಲು ತೊಡಗಿದ ಇತಿಹಾಸವನ್ನು ಬರೆಯತಕ್ಕವರು ಆಸ್ಕರ್ ಮಿಶೋನಿಗೆ ಮೊದಲ ಸಾಲಿನಲ್ಲಿ ಸ್ಥಾನ ಕೊಡುವುದು ವಾಡಿಕೆಯಾಗಿದೆ. 1884ರಲ್ಲಿ ಇಲಿನಾಯ್ ಸಂಸ್ಥಾನದ ಮೆಟ್ರೊಪೊಲಿಸ್ ಎಂಬ ಊರಿನ ಸಮೀಪದಲ್ಲಿ ಹುಟ್ಟಿ, 1951ರಲ್ಲಿ ನಾರ್ತ್ ಕರೋಲಿನದ ಷಾರ್ಲಟ್ ನಗರದಲ್ಲಿ ತೀರಿಕೊಂಡ ಈತ 1919ರಿಂದ 1948ರ ವರೆಗೆ ಸುಮಾರು 40 ಚಿತ್ರಗಳನ್ನು ನಿರ್ಮಿಸಿದನು. ಕಥೆ, ನಿರ್ದೇಶನ, ನಿರ್ಮಾಣ, ಮಾರಾಟ, ಈ ನಾಲ್ಕು ಹೊರೆಗಳನ್ನೂ ಬಹುಮಟ್ಟಿಗೆ ಒಬ್ಬನೇ ಹೊತ್ತನು. ಆ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂದು ನಷ್ಟವಾಗಿವೆ. ಮೂಕಚಿತ್ರಗಳ ಪೈಕಿ ನಮಗೆ ದೊರೆತಿರುವುವು 3 ಮಾತ್ರ. ನಮ್ಮ ವಾಚಕರಲ್ಲಿ ಬಹುಮಂದಿಗೆ ಈ ಹೆಸರು ಹೊಸದಾಗಿರಬಹುದಾದುದರಿಂದ ಇಷ್ಟನ್ನು ಮೊದಲೇ ಹೇಳಬೇಕಾಯಿತು.

ಮಿಶೋನ ಕೃತಿಗಳನ್ನು ಕುರಿತ ವಿಮರ್ಶೆ 1970ರ ದಶಕದಿಂದ ಈಚೆಗೆ ವಿಪುಲವಾಗಿ ಬೆಳೆದಿದೆ. ಅದರಲ್ಲಿ ಎರಡು ಪಕ್ಷಗಳನ್ನು ಗುರುತಿಸಬಹುದು. ಆತನ ಚಿತ್ರಗಳ ಜೋಡಣೆ ಒರಟು, ನಟನೆ ಅಸಮ, ಬೆಳಕು ಕಳಪೆ, ಕಥೆ ಎಲ್ಲೆಂದರಲ್ಲಿ ತುಂಡಾಗುತ್ತದೆ, ಆದರೆ ಬಡತನದಲ್ಲಿ ಮಾಡಿದುದರಿಂದ ಕ್ಷಮಿಸತಕ್ಕದ್ದು ಎಂಬುದು ಮೊದಲನೆಯ ಪಕ್ಷ. ಆ ಒರಟುತನವೇ ಹಾಲಿವುಡ್ಡಿನ ನಯಗಾರಿಕೆಯ ವಿರುದ್ಧ ಎತ್ತಿದ ಕಲಾತ್ಮಕ ಬಂಡಾಯ ಎಂಬುದು ಎರಡನೆಯದು, 1980ರಲ್ಲಿ ಜೆ. ಹೋಬರ್‌ಮನ್ ಎಂಬ ವಿಮರ್ಶಕನು ಬರೆದ ಪ್ರಬಂಧವೊಂದರಿಂದ ಈ ಧೋರಣೆಗೆ ಬಲ ಬಂದಿತು. ಇವೆರಡೂ ನಮಗೆ ಸಮಾಧಾನಕರವಾಗಿ ತೋರುವುದಿಲ್ಲ. ಮೊದಲನೆಯದರಲ್ಲಿ ಕನಿಕರವಿದೆ, ವಿವೇಚನೆಯಿಲ್ಲ. ಎರಡನೆಯದಾದರೋ ಬಡವನ ಹರಕು ಅಂಗಿಯನ್ನು ನಾಟಕದ ಉಡುಗೆಯೆಂದು ಹೊಗಳಿದಂತಿದೆ. ಚಿತ್ರ ಹೀಗೇಕಾಯಿತು ಎಂದು ಕೇಳುವುದಕ್ಕೆ ಮುಂಚೆ ಅದರ ಹಣ ಯಾರಿಂದ ಬಂದಿತು, ಅದನ್ನು ಯಾರ ಬಾಗಿಲಿಗೆ ಹೊತ್ತು ಮಾರಬೇಕಾಯಿತು ಎಂದು ಕೇಳುವುದು ಇತಿಹಾಸದ ಅಭ್ಯಾಸಿಗಳಾದ ನಮ್ಮ ಕರ್ತವ್ಯ. ಮಿಶೋನ ಸ್ವಾತಂತ್ರ್ಯವೆಂಬುದು ಆತನ ಸಾಲಗಳು ಹಲವರಲ್ಲಿ ಹಂಚಿಹೋಗಿದ್ದುದರ ಫಲ. ಆ ಸಾಲ ಒಂದೆರಡು ಕೈಗಳಲ್ಲಿ ಕೂಡಿಕೊಂಡ ದಿನದಿಂದ ಆತನ ಚಿತ್ರಗಳ ಧೈರ್ಯ ಕುಂದಿತು: ಇದೇ ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವ ವಿಷಯ. ಸಾಲವೇ ಶೂಲ ಎಂಬ ಗಾದೆಯನ್ನು ಕೇಳಿ ಬೆಳೆದ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು.

ಮಿಶೋ ಚಿತ್ರರಂಗಕ್ಕೆ ಬಂದುದು ಒಕ್ಕಲುತನದ ದಾರಿಯಿಂದ. ಗುಲಾಮಗಿರಿಯನ್ನು ಕಂಡ ತಂದೆತಾಯಿಗಳ ಮಗನಾದ ಆತ ಯೌವನದಲ್ಲಿ ಷಿಕಾಗೊ ಸೇರಿ, ಪುಲ್‌ಮನ್ ಕಂಪೆನಿಯ ರೈಲುಗಾಡಿಗಳಲ್ಲಿ ಪರಿಚಾರಕನಾಗಿ ದುಡಿದು, ಕೂಡಿಟ್ಟ ಹಣದಿಂದ ಸೌತ್ ಡಕೋಟದ ಗ್ರೆಗರಿ ಪ್ರಾಂತದಲ್ಲಿ ಭೂಮಿ ಹಿಡಿದನು. ಸುತ್ತಲಿನ ಒಕ್ಕಲಿಗರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಬರಗಾಲದಿಂದಲೂ ಅಡಮಾನದಿಂದಲೂ ಭೂಮಿ ಕೈಬಿಟ್ಟಿತು. ಷಿಕಾಗೊದ ಪಾದ್ರಿಯೊಬ್ಬನ ಮಗಳೊಡನೆ ಆಗಿದ್ದ ಮದುವೆಯೂ ಮುರಿಯಿತು. ಈ ಎರಡು ನಷ್ಟಗಳನ್ನೇ ವಸ್ತುವಾಗಿಟ್ಟುಕೊಂಡು 1913ರಲ್ಲಿ ‘ದಿ ಕಾಂಕ್ವೆಸ್ಟ್’ ಎಂಬ ಪುಸ್ತಕವನ್ನು ತನ್ನ ಹೆಸರಿಲ್ಲದೆ ನೆಬ್ರಾಸ್ಕದ ಲಿಂಕನ್ ನಗರದಲ್ಲಿ ಅಚ್ಚು ಹಾಕಿಸಿದನು. ಅದನ್ನು ಮಾರಿದ ರೀತಿ ಗಮನಾರ್ಹವಾದುದು: ಊರಿಂದೂರಿಗೆ, ಮನೆಯಿಂದ ಮನೆಗೆ ತಾನೇ ಹೋಗಿ, ಕೊಳ್ಳುವವರ ಹೆಸರನ್ನು ಮುಂಗಡವಾಗಿ ಬರೆಸಿಕೊಂಡು ಮಾರಿದನು. 1915ರಲ್ಲಿ ‘ದಿ ಫೋರ್ಜ್ಡ್ ನೋಟ್’, 1917ರಲ್ಲಿ ‘ದಿ ಹೋಮ್‌ಸ್ಟೆಡರ್’ ಕಾದಂಬರಿಗಳೂ ಹೀಗೆಯೇ ಹೊರಬಂದುವು. ಚಿತ್ರನಿರ್ಮಾಪಕ ಮಿಶೋನನ್ನು ಅರಿಯಬೇಕಾದರೆ ಪುಸ್ತಕದ ಗಂಟನ್ನು ಹೊತ್ತು ಒಕ್ಕಲುಮನೆಗಳ ಅಂಗಳದಲ್ಲಿ ನಿಂತ ಮಿಶೋನನ್ನು ಮರೆಯತಕ್ಕದ್ದಲ್ಲ.

1918ರಲ್ಲಿ ಆತನ ಮುಂದೆ ಸುಲಭವಾದ ದಾರಿಯೊಂದು ತೆರೆಯಿತು. ನೋಬಲ್ ಜಾನ್ಸನ್ ಎಂಬ ನಟನೂ ಅವನ ಸಹೋದರ ಜಾರ್ಜ್ ಜಾನ್ಸನ್ನನೂ ಸೇರಿ 1916ರಲ್ಲಿ ಆರಂಭಿಸಿದ ಲಿಂಕನ್ ಮೋಷನ್ ಪಿಕ್ಚರ್ ಕಂಪೆನಿ, ಕಪ್ಪು ಜನರದೇ ಆದ ಚಿತ್ರಸಂಸ್ಥೆ, ‘ದಿ ಹೋಮ್‌ಸ್ಟೆಡರ್’ ಕಾದಂಬರಿಯನ್ನು ಚಿತ್ರವಾಗಿಸಲು ಅನುಮತಿ ಬೇಡಿತು. ಮಿಶೋ ಒಪ್ಪಿದನು, ಆದರೆ ಚಿತ್ರಣದಲ್ಲಿ ತನ್ನ ಕೈಯಿರಬೇಕೆಂದೂ, ಎರಡು ಮೂರು ರೀಲುಗಳ ಕಿರುಚಿತ್ರಗಳನ್ನು ಮಾಡಿಕೊಂಡಿದ್ದ ಆ ಸಂಸ್ಥೆ ತನ್ನ ಕಥೆಗೆ ದೊಡ್ಡ ಚಿತ್ರವನ್ನೇ ಮಾಡಬೇಕೆಂದೂ ಹಟ ಹಿಡಿದನು. ಮಾತು ಮುರಿಯಿತು. ಇದನ್ನು ಅಹಂಕಾರವೆಂದವರುಂಟು. ಆದರೆ ಲಿಂಕನ್ ಕಂಪೆನಿಯ ಗತಿಯನ್ನು ನೋಡಿ: ನೋಬಲ್ ಜಾನ್ಸನ್ ಯೂನಿವರ್ಸಲ್ ಕಂಪೆನಿಯ ಚಿತ್ರಗಳಲ್ಲಿಯೂ ನಟಿಸಿ ಜೀವಿಸುತ್ತಿದ್ದವನು, 1918ರಲ್ಲಿ ಆತ ಲಿಂಕನ್ನಿನ ಅಧ್ಯಕ್ಷಸ್ಥಾನವನ್ನು ಬಿಡಬೇಕಾಯಿತು. ಯೂನಿವರ್ಸಲ್‌ನ ಒತ್ತಡವೇ ಅದಕ್ಕೆ ಕಾರಣವೆಂದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. 1920ರ ದಶಕದ ಮೊದಲ ವರ್ಷಗಳಲ್ಲೇ ಆ ಸಂಸ್ಥೆ ಮುಚ್ಚಿಹೋಯಿತು. ಅನ್ನ ಒಂದೇ ಕಡೆಯಿಂದ ಬರುತ್ತಿದ್ದರೆ ಆಣತಿಯೂ ಆ ಕಡೆಯಿಂದಲೇ ಬರುತ್ತದೆ.

ಮಿಶೋ ಹಿಡಿದ ಮಾರ್ಗ ಬೇರೆ. ತನ್ನದೇ ಫಿಲ್ಮ್ ಅಂಡ್ ಬುಕ್ ಕಂಪೆನಿಯನ್ನು ಸ್ಥಾಪಿಸಿ, ಅಯೊವದ ಸೂ ಸಿಟಿಯ ಸುತ್ತಣ ಬಿಳಿಯ ರೈತರಿಗೆ, ಅಂದರೆ ತನ್ನ ಪುಸ್ತಕಗಳನ್ನು ಕೊಂಡಿದ್ದಂಥ ಜನರಿಗೇ, ಷೇರುಗಳನ್ನು ಮಾರಿದನು. ಎಂಟು ರೀಲುಗಳ ‘ದಿ ಹೋಮ್‌ಸ್ಟೆಡರ್’ 1919ರ ಫೆಬ್ರವರಿಯಲ್ಲಿ ಷಿಕಾಗೊದಲ್ಲಿ ಪ್ರದರ್ಶಿತವಾಯಿತು. ಕಪ್ಪು ಅಮೆರಿಕನ್ನನೊಬ್ಬನು ತಯಾರಿಸಿದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಅದನ್ನು ಗಣಿಸುತ್ತಾರೆ. ಪಾದ್ರಿಗಳನ್ನು ಅವಮಾನಿಸಿದೆಯೆಂದು ಅಲ್ಲಿನ ಕೆಲವು ಪಾದ್ರಿಗಳು ದೂರಿದರು. ಮುಂದೆ ಈತನ ಪದ್ಧತಿ ಹೀಗೆ ನೆಲೆಗೊಂಡಿತು: ಒಂದು ಚಿತ್ರದ ಪ್ರತಿಗಳನ್ನು ತಾನೇ ಹೊತ್ತು ಕಪ್ಪು ಪ್ರೇಕ್ಷಕರ ಚಿತ್ರಮಂದಿರಗಳಿಗೆ ತಿರುಗುವುದು, ಹೋದಲ್ಲೆಲ್ಲ ಮುಂದಿನ ಚಿತ್ರದ ನಟನಟಿಯರ ಛಾಯಾಚಿತ್ರಗಳನ್ನು, ಕೆಲವೊಮ್ಮೆ ನಟರನ್ನೇ, ಮಂದಿರದ ಯಜಮಾನನ ಮುಂದೆ ನಿಲ್ಲಿಸಿ ಮುಂಗಡ ಪಡೆಯುವುದು, ಆ ಮುಂಗಡಗಳನ್ನು ಕೂಡಿಸಿ ಚಿತ್ರ ತೆಗೆಯುವುದು. ಬಿಳಿಯರ ಕೆಲವು ಮಂದಿರಗಳು ಕಪ್ಪು ಪ್ರೇಕ್ಷಕರಿಗಾಗಿ ನಡೆಸುತ್ತಿದ್ದ ನಡುರಾತ್ರಿಯ ಪ್ರದರ್ಶನಗಳೂ ಆತನ ಪೇಟೆಯಾಗಿದ್ದುವು. ಹಣ ಸಾಲದೆ ಒಂದೇ ಬಾರಿಗೆ ದೃಶ್ಯ ಮುಗಿಸುವುದು, ಪರಿಚಯದವರ ಮನೆಯ ನಡುಮನೆಯನ್ನೇ ರಂಗಸಜ್ಜನ್ನಾಗಿ ಬಳಸುವುದು, ಇವೆಲ್ಲ ಇದರ ಬೆನ್ನಿಗೇ ಬಂದುವು. ವಿಮರ್ಶಕರು ಕಂಡ ಒರಟುತನದ ಬಹುಭಾಗದ ಮೂಲ ಇಲ್ಲಿದೆ. ಆದರೆ ಈ ಸಾಲಿಗರಲ್ಲಿ ಯಾವನೊಬ್ಬನಿಗೂ ಚಿತ್ರವನ್ನು ನಿಲ್ಲಿಸುವಷ್ಟು ಪಾಲಿರಲಿಲ್ಲ ಎಂಬುದನ್ನು ಲಕ್ಷ್ಯದಲ್ಲಿಡಬೇಕು. ಅಯೊವದ ರೈತನಿಗೆ ಕಥೆಯೇನೆಂದು ಕೇಳುವ ಗರಜಿರಲಿಲ್ಲ. ಮಂದಿರದ ಯಜಮಾನನಿಗೆ ಕೇಳುವ ಪುರಸತ್ತಿರಲಿಲ್ಲ.

ಈ ಸ್ವಾತಂತ್ರ್ಯದಿಂದ ಏನು ಸಾಧ್ಯವಾಯಿತೆಂಬುದಕ್ಕೆ ‘ವಿದಿನ್ ಅವರ್ ಗೇಟ್ಸ್’ ಎಂಬ ಚಿತ್ರ ಸಾಕ್ಷಿ. ಹೆಸರಿನ ಅರ್ಥ ‘ನಮ್ಮ ಬಾಗಿಲೊಳಗೆ’ ಎಂದು. 1915ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ತನ ‘ದಿ ಬರ್ತ್ ಆಫ್ ಎ ನೇಷನ್’ ಹೊರಬಂದು ಕಪ್ಪು ಪುರುಷನನ್ನು ಬಿಳಿಯ ಸ್ತ್ರೀಯ ಮೇಲೆರಗುವ ಮೃಗವನ್ನಾಗಿಯೂ, ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿ ಪಡೆಯನ್ನು ರಕ್ಷಕರನ್ನಾಗಿಯೂ ಚಿತ್ರಿಸಿದ್ದಿತು. ಅಧ್ಯಕ್ಷ ವಿಲ್ಸನ್ನನ ಶ್ವೇತಭವನದಲ್ಲಿಯೇ ಅದರ ಪ್ರದರ್ಶನ ನಡೆದಿತ್ತು. 1919ರ ಬೇಸಗೆಯಲ್ಲಿ ಷಿಕಾಗೊ ನಗರದಲ್ಲಿ ನಡೆದ ವರ್ಣಗಲಭೆಯಲ್ಲಿ 38 ಜನ ಸತ್ತರು; ಅವರಲ್ಲಿ ಕಪ್ಪು ಜನರು 23 ಮಂದಿ. ಗಲಭೆ ಆರಿ ಆರು ತಿಂಗಳಾಗುವುದರೊಳಗೆ, 1920ರ ಜನವರಿಯಲ್ಲಿ, ಅದೇ ನಗರದಲ್ಲಿ ಮಿಶೋ ಈ ಚಿತ್ರವನ್ನು ತೋರಿಸಹೊರಟನು. ಸೆನ್ಸಾರ್ ಮಂಡಲಿ ಮೊದಲು ನಿರಾಕರಿಸಿ, ವಾದವಿವಾದಗಳ ತರುವಾಯ ಒಪ್ಪಿಗೆಯಿತ್ತಿತು. ಮತ್ತೆ ಗಲಭೆಯಾದೀತೆಂದು ಬಿಳಿಯರೂ ಕಪ್ಪು ಜನರ ಮುಂದಾಳುಗಳಲ್ಲಿ ಕೆಲವರೂ ಅಂಜಿದ್ದರು.

ಕಥೆಯ ನಾಯಿಕೆ ಸಿಲ್ವಿಯ ಲ್ಯಾಂಡ್ರಿ ಎಂಬ ಉಪಾಧ್ಯಾಯಿನಿ. ಪಾತ್ರವಹಿಸಿದವಳು ಎವೆಲಿನ್ ಪ್ರೀರ್. ದಕ್ಷಿಣದ ಬಡ ಶಾಲೆಯೊಂದನ್ನು ಉಳಿಸಲು ಬೇಕಾದ 5,000 ಡಾಲರುಗಳನ್ನು ಅರಸಿಕೊಂಡು ಆಕೆ ಬಾಸ್ಟನ್ನಿಗೆ ಬರುತ್ತಾಳೆ. ಕಟ್ಟಕಡೆಗೆ ದಾನಶೀಲೆಯಾದ ಬಿಳಿಯ ಮುದುಕಿಯೊಬ್ಬಳು 50,000 ಕೊಡುತ್ತಾಳೆ. ಈ ಭಾಗ ಸಾಧಾರಣವಾದುದು, ಉಪದೇಶಪ್ರಾಯವಾದುದು; ಇದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ನಡುವೆ ಬರುವ ನೆಡ್ ಎಂಬ ಮುದಿ ಪಾದ್ರಿಯ ಪ್ರಸಂಗ ಮಾತ್ರ ಮರೆಯಲಾಗದು. ಮತಾಧಿಕಾರ, ವಿದ್ಯೆಗಳು ಕಪ್ಪು ಜನರಿಗೆ ಬೇಡ, ಸ್ವರ್ಗ ಸಾಕು ಎಂದು ಬೋಧಿಸಿ ಬಿಳಿಯ ಗೃಹಸ್ಥರನ್ನು ನಗಿಸಿ, ಅವರಿಂದ ಹಿಂದಕ್ಕೆ ಒದೆಸಿಕೊಂಡು ಹಲ್ಲುಕಿರಿಯುತ್ತ ಆತ ಹೊರಬರುತ್ತಾನೆ. ಬಾಗಿಲು ಮುಚ್ಚುತ್ತದೆ, ಮುಖದ ನಗೆ ಇಳಿಯುತ್ತದೆ, ತನ್ನವರನ್ನು ತಾನೇ ಮಾರಿದೆನೆಂಬ ಅರಿವು ಅಲ್ಲಿ ಉಳಿಯುತ್ತದೆ. ಬಾಗಿಲಿನ ಒಳಗೊಂದು ಮುಖ, ಹೊರಗೊಂದು ಮುಖ. ಇಷ್ಟನ್ನು ಮೂಕಚಿತ್ರದಲ್ಲಿ ಕೆಲವೇ ಕ್ಷಣಗಳಲ್ಲಿ ಹೇಳಬಲ್ಲವನನ್ನು ಕಸುಬು ತಿಳಿಯದವನೆಂದು ಹೇಗೆ ಕರೆಯೋಣ?

ಚಿತ್ರದ ತಿರುಳು ಸಿಲ್ವಿಯಳ ಪೂರ್ವವೃತ್ತಾಂತದಲ್ಲಿದೆ. ಆಕೆಯ ಸಾಕುತಂದೆ ಜ್ಯಾಸ್ಪರ್ ಲ್ಯಾಂಡ್ರಿ ಗ್ರಿಡಲ್‌ಸ್ಟೋನ್ ಎಂಬ ಜಮೀನುದಾರನ ಹೊಲವನ್ನು ಕೋರಿಗೆ ಮಾಡತಕ್ಕ ರೈತ. ಓದುಬಲ್ಲ ಮಗಳು ಲೆಕ್ಕ ಹಾಕಿ ತಂದೆಗೆ ಬರಬೇಕಾದ ಹಣವನ್ನು ಬರೆದುಕೊಟ್ಟಿದ್ದಾಳೆ. ಆ ಲೆಕ್ಕದ ಹಾಳೆಯನ್ನು ಹಿಡಿದು ಆತ ದಣಿಯ ಮುಂದೆ ನಿಲ್ಲುತ್ತಾನೆ. ವಾಗ್ವಾದ ನಡೆದಿರುವಾಗ ಜಮೀನುದಾರನಿಂದ ನೊಂದ ಬೇರೊಬ್ಬ ಬಡ ಬಿಳಿಯನು ಕಿಟಕಿಯಿಂದ ಗುಂಡು ಹಾರಿಸಿ ದಣಿಯನ್ನು ಕೊಲ್ಲುತ್ತಾನೆ. ಅಪವಾದ ಲ್ಯಾಂಡ್ರಿಯ ತಲೆಗೆ ಬರುತ್ತದೆ. ವಿಚಾರಣೆಯಿಲ್ಲದೆ ಗುಂಪುಗೂಡಿ ಕೊಲ್ಲುವ ಲಿಂಚಿಂಗ್ ಎಂಬ ಕ್ರೌರ್ಯವನ್ನು ಮಿಶೋ ಇಲ್ಲಿ ಬಿಚ್ಚಿ ತೋರಿಸಿದ್ದಾನೆ: ಗಂಡಹೆಂಡಿರನ್ನು ನೇಣಿಗೆ ಹಾಕಿ ಸುಡುತ್ತಾರೆ, ಎಳೆಯ ಹುಡುಗನೊಬ್ಬ ಕುದುರೆಯೇರಿ ತಪ್ಪಿಸಿಕೊಳ್ಳುತ್ತಾನೆ. ಸುಳ್ಳುಸಾಕ್ಷಿ ನುಡಿದು ತಾನು ಬಿಳಿಯರಿಗೆ ಬೇಕಾದವನೆಂದು ಬೀಗುತ್ತಿದ್ದ ಎಫ್ರೆಮ್ ಎಂಬ ಕಪ್ಪು ಸೇವಕನೂ ಬಲಿಪಶು ಸಿಗದೆ ಬೇಸತ್ತ ಅದೇ ಗುಂಪಿಗೆ ತುತ್ತಾಗುತ್ತಾನೆ. ನಡೆದುದಕ್ಕೂ ಪತ್ರಿಕೆಯಲ್ಲಿ ಅಚ್ಚಾದುದಕ್ಕೂ ಇರುವ ಅಂತರವನ್ನು ಚಿತ್ರವೇ ಎದುರುಬದುರಾಗಿ ಇಟ್ಟು ತೋರಿಸುತ್ತದೆ; ಆಕರಗಳ ವಿಮರ್ಶೆಯನ್ನು ಕಲಿಸುವ ತರಗತಿಗೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ.

ಇದೇ ಹೊತ್ತಿನಲ್ಲಿ ಸತ್ತ ದಣಿಯ ತಮ್ಮನು ಒಂಟಿಯಾಗಿದ್ದ ಸಿಲ್ವಿಯಳ ಮೇಲೆರಗುತ್ತಾನೆ. ಮಿಶೋ ಈ ಎರಡು ಘಟನೆಗಳನ್ನೂ ಒಂದರ ನಡುವೆ ಒಂದನ್ನು ಹೆಣೆದಿದ್ದಾನೆ. ಈ ಹೆಣಿಗೆ ಗ್ರಿಫಿತ್ತನಿಗೆ ಬಹಳ ಪ್ರಿಯವಾದ ತಂತ್ರ. ಅವನಲ್ಲಿ ಅಬಲೆಯ ಸಂಕಟಕ್ಕೆ ಕುದುರೆ ಸವಾರರ ದೌಡು ಉತ್ತರವಾಗುತ್ತದೆ, ಪ್ರೇಕ್ಷಕ ನಿಟ್ಟುಸಿರುಬಿಡುತ್ತಾನೆ. ಇಲ್ಲಿ ಯಾರೂ ಬರುವುದಿಲ್ಲ. ಒಂದು ಕಡೆ ಮನೆಯೊಳಗಿನ ಬಲಾತ್ಕಾರ, ಇನ್ನೊಂದು ಕಡೆ ಬಯಲಿನ ಬೆಂಕಿ. ಎರಡೂ ಒಂದೇ ಒಡೆತನದ ಎರಡು ಕೈಗಳೆಂಬುದು ಜೋಡಣೆಯಿಂದಲೇ ಸ್ಪಷ್ಟವಾಗುತ್ತದೆ. ಕೊನೆಗೆ ಆಕೆಯ ಎದೆಯ ಮೇಲಿನ ಗಾಯದ ಕಲೆಯನ್ನು ಕಂಡು ಆಕೆ ತನ್ನ ಮಗಳೇ ಎಂದು ಅವನು ತಿಳಿಯುತ್ತಾನೆ. ಕಾಕತಾಳೀಯವೆಂದು ನಗಬಹುದು. ಆದರೆ ವರ್ಣಸಂಕರದ ಭಯವನ್ನು ಬಿತ್ತಿದವರ ಮನೆಯಲ್ಲಿಯೇ ಆ ಸಂಕರದ ಮೂಲವಿದೆ ಎಂಬ ಚಾರಿತ್ರಿಕ ಸತ್ಯವನ್ನು ಅಷ್ಟು ಬಿರುಸಾಗಿ ತೆರೆಯ ಮೇಲೆ ಹೇಳಲು ಆ ಕಾಲದ ಯಾವ ಕಂಪೆನಿಯೂ ಹಣ ಕೊಡುತ್ತಿರಲಿಲ್ಲವೆಂಬುದರಲ್ಲಿ ನಮಗೆ ಸಂದೇಹವಿಲ್ಲ. 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜೇನ್ ಗೇಯ್ನ್ಸ್ ಅವರು ಈ ಚಿತ್ರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆಸಕ್ತ ವಿದ್ಯಾರ್ಥಿಗಳು ಅದನ್ನು ನೋಡತಕ್ಕದ್ದು.

ಹಂಚಿಹೋದ ಸಾಲದ ಇನ್ನೊಂದು ಮುಖವೆಂದರೆ ಹಂಚಿಹೋದ ಕತ್ತರಿ. ಒಬ್ಬ ಯಜಮಾನನಿಲ್ಲದ ಚಿತ್ರಕ್ಕೆ ಊರೂರಿಗೊಬ್ಬ ಸೆನ್ಸಾರನಿದ್ದನು. ಒಂದು ನಗರದಲ್ಲಿ ಲಿಂಚಿಂಗ್ ದೃಶ್ಯವನ್ನು ತೆಗೆದು ತೋರಿಸಿದರೆ, ಇನ್ನೊಂದರಲ್ಲಿ ತೆಗೆದುದನ್ನು ಸೇರಿಸಿ ತೋರಿಸಲಾಗುತ್ತಿತ್ತು. ಮತ್ತೊಂದೆಡೆ ಪ್ರದರ್ಶನವೇ ಇಲ್ಲ. ಹಾಗಾದರೆ ಮಿಶೋನ ‘ನಿಜವಾದ’ ಪಾಠ ಯಾವುದು? ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಗ್ರಂಥಸಂಪಾದನೆ ಮಾಡತಕ್ಕ ನಮ್ಮ ವಿದ್ವಾಂಸರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಇಲ್ಲಿನ ಪರಿಸ್ಥಿತಿ ಇನ್ನೂ ಕಠಿನ. ಅಮೆರಿಕದಲ್ಲಿ ಈ ಚಿತ್ರದ ಒಂದು ಪ್ರತಿಯೂ ಉಳಿಯಲಿಲ್ಲ. ಸ್ಪೇನ್ ದೇಶದ ಚಿತ್ರಭಂಡಾರದಲ್ಲಿ ‘ಲಾ ನೆಗ್ರ’ ಎಂಬ ಹೆಸರಿನಲ್ಲಿದ್ದ ಪ್ರತಿಯೊಂದು 1970ರ ದಶಕದಲ್ಲಿ ಗುರುತಿಗೆ ಸಿಕ್ಕಿತು. ಅದರ ಬರಹದ ಫಲಕಗಳು ಸ್ಪ್ಯಾನಿಷ್ ಭಾಷೆಯವು. ಮೂಲ ಇಂಗ್ಲಿಷಿನವು 4 ಮಾತ್ರ ಉಳಿದಿದ್ದುವು. ಉಳಿದವನ್ನು ಮಿಶೋನ ಕಾದಂಬರಿಗಳ ಶೈಲಿಯನ್ನು ಆಧಾರವಾಗಿಟ್ಟುಕೊಂಡು ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಮರಳಿ ತಂದು, 1993ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಈಗ ನಾವು ನೋಡುವ ಪ್ರತಿಯನ್ನು ಸಿದ್ಧಪಡಿಸಿತು. ‘ದಿ ಸಿಂಬಲ್ ಆಫ್ ದಿ ಅನ್‌ಕಾಂಕರ್ಡ್’ ಎಂಬ 1920ರ ಇನ್ನೊಂದು ಚಿತ್ರವು ಬೆಲ್ಜಿಯಮ್‌ನಲ್ಲಿ ದೊರೆಯಿತು. ಅದರಲ್ಲಿ ಮುಸುಕುಧಾರಿಗಳನ್ನು ಸೋಲಿಸಿ ಓಡಿಸುವ ಭಾಗವೇ ಇಲ್ಲವಾಗಿದೆ. ಇಂಥ ಪ್ರತಿಗಳನ್ನು ಹಿಡಿದುಕೊಂಡು ಕಥೆ ಇಲ್ಲಿ ತುಂಡಾಯಿತು, ಅಲ್ಲಿ ಹಾರಿತು ಎಂದು ಮಿಶೋನ ಕಲೆಯನ್ನು ಅಳೆಯುವುದಾಗಲಿ, ಆ ತುಂಡುಗಳಲ್ಲಿ ಬಂಡಾಯವನ್ನು ಕಾಣುವುದಾಗಲಿ ಪ್ರಮಾಣಬದ್ಧವಲ್ಲ.

1925ರ ‘ಬಾಡಿ ಅಂಡ್ ಸೋಲ್’ ಈ ಮಾತಿಗೆ ಪೋಷಕವಾಗಿದೆ. ಮುಂದೆ ಲೋಕಪ್ರಸಿದ್ಧನಾದ ಪಾಲ್ ರೋಬ್‌ಸನ್ ಮೊದಲ ಬಾರಿಗೆ ತೆರೆಯ ಮೇಲೆ ಬಂದುದು ಇದರಲ್ಲಿ. ಕಪಟ ಪಾದ್ರಿಯಾಗಿಯೂ ಸಜ್ಜನನಾದ ಅವನ ಸಹೋದರನಾಗಿಯೂ ಎರಡು ಪಾತ್ರಗಳನ್ನು ವಹಿಸಿದ್ದಾನೆ. ಪಾದ್ರಿ ಭಕ್ತೆಯೊಬ್ಬಳ ಮಗಳನ್ನು ಕೆಡಿಸಿ, ತಾಯಿ ಬೈಬಲಿನೊಳಗೆ ಕೂಡಿಟ್ಟ ಹಣವನ್ನು ಕಸಿಯುತ್ತಾನೆ. ಮಗಳು ದಿಕ್ಕಿಲ್ಲದೆ ಸಾಯುತ್ತಾಳೆ. ತಟ್ಟನೆ ತಾಯಿ ಎಚ್ಚರಗೊಳ್ಳುತ್ತಾಳೆ, ಎಲ್ಲವೂ ಕನಸು. ನ್ಯೂಯಾರ್ಕ್ ಸಂಸ್ಥಾನದ ಸೆನ್ಸಾರ್ ಮಂಡಲಿ ಚಿತ್ರವನ್ನು ತಿರಸ್ಕರಿಸಿ ಮಾರ್ಪಾಟುಗಳನ್ನು ಬಯಸಿತೆಂಬುದು ಗೊತ್ತಿರುವ ಸಂಗತಿ; ಒಂಬತ್ತು ರೀಲುಗಳು ಐದಾದುವು. ನಮಗೆ ತೋರುವಂತೆ ಕನಸಿನ ಮುಕ್ತಾಯದಿಂದ ಚಿತ್ರ ದುರ್ಬಲವಾಗಿದೆ. ಆದರೂ ಎಚ್ಚರವಾದ ಮೇಲೆಯೂ ಪ್ರೇಕ್ಷಕನ ಮನಸ್ಸಿನಲ್ಲಿ ನಿಲ್ಲುವುದು ಆ ದುಃಸ್ವಪ್ನವೇ.

1928ರಲ್ಲಿ ಮಿಶೋ ದಿವಾಳಿಯಾದನು. ವಾಕ್ಚಿತ್ರದ ಕಾಲ ಬಂದಿತ್ತು. ಧ್ವನಿಯಂತ್ರಗಳ ವೆಚ್ಚವನ್ನು ಮಂದಿರಗಳ ಚಿಲ್ಲರೆ ಮುಂಗಡಗಳಿಂದ ತೂಗಿಸುವುದು ಅಸಾಧ್ಯವಾಯಿತು. ಹಾರ್ಲೆಮಿನ ರಂಗಮಂದಿರಗಳ ಒಡೆಯರಾದ ಲಿಯೊ ಬ್ರೆಕರ್, ಫ್ರಾಂಕ್ ಷಿಫ್‌ಮನ್ ಎಂಬ ಬಿಳಿಯ ವರ್ತಕರ ಹಣದಿಂದ ಕಂಪೆನಿ ಮರಳಿ ಎದ್ದಿತು. ಕಪ್ಪು ನಿರ್ಮಾಪಕನೊಬ್ಬನ ಮೊದಲ ಪೂರ್ಣಪ್ರಮಾಣದ ವಾಕ್ಚಿತ್ರವಾದ ‘ದಿ ಎಕ್ಸೈಲ್’ 1931ರಲ್ಲಿ ಹೊರಬಂದುದು ಈ ಆಶ್ರಯದಲ್ಲಿ. ಅದರಲ್ಲಿ ಡಕೋಟದ ಹಳೆಯ ಕಥೆಯೇ ಇದೆ, ಜೊತೆಗೆ ನೈಟ್‌ಕ್ಲಬ್ಬಿನ ಕುಣಿತ, ಹಾಡು. ಮುಂದಿನ ಚಿತ್ರಗಳಲ್ಲಿ ಈ ಕುಣಿತದ ಪಾಲು ಹೆಚ್ಚಿತು, ಬಯಲಿನ ಬೆಂಕಿ ಮತ್ತೆ ಕಾಣಿಸಲಿಲ್ಲ. ಹಣ ಕೊಟ್ಟವರು ಬೆಂಕಿಯನ್ನು ನಿಷೇಧಿಸಿದರೆಂದು ನಾವು ಹೇಳುತ್ತಿಲ್ಲ. ನಿಷೇಧಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಮಂದಿರವೂ ಬಂಡವಾಳವೂ ಒಬ್ಬನದೇ ಆದಾಗ ಯಾವ ದೃಶ್ಯ ಓಡುತ್ತದೆಂಬುದು ಕಥೆ ಬರೆಯುವ ಮೊದಲೇ ಲೇಖಕನಿಗೆ ತಿಳಿದಿರುತ್ತದೆ. ಈ ವಾದಕ್ಕೆ ಒಂದು ಅಪವಾದವುಂಟು: 1915ರಲ್ಲಿ ಲಿಂಚಿಂಗಿಗೆ ಬಲಿಯಾದ ಲಿಯೊ ಫ್ರಾಂಕ್ ಎಂಬ ಯಹೂದಿಯ ಮೊಕದ್ದಮೆಯನ್ನು ಆಧರಿಸಿ ತಾನು 1921ರಲ್ಲಿ ಮಾಡಿದ್ದ ಚಿತ್ರವನ್ನು 1935ರಲ್ಲಿ ‘ಮರ್ಡರ್ ಇನ್ ಹಾರ್ಲೆಮ್’ ಎಂದು ಮತ್ತೆ ತೆಗೆದನು. ಆದರೆ ಅಲ್ಲಿಯೂ ಪತ್ತೇದಾರಿ ಕಥೆಯ ಕುತೂಹಲಕ್ಕೆ ಅಗ್ರಸ್ಥಾನ.

ಮಿಶೋನನ್ನು ಹೊಗಳುವವರು ಸಾಮಾನ್ಯವಾಗಿ ಬೇಗನೆ ದಾಟಿಹೋಗುವ ಒಂದು ಸಂಗತಿಯನ್ನು ಇಲ್ಲಿ ಎತ್ತದೆ ಇರಲಾಗದು. ತನ್ನ ಜನರನ್ನು ಕುರಿತು ಆತನಿಗೆ ಸ್ವಲ್ಪ ತಿರಸ್ಕಾರವೇ ಇತ್ತು. ಭೂಮಿ ಹಿಡಿದು ದುಡಿಯದೆ ನಗರಗಳಲ್ಲಿ ಕಾಲ ಕಳೆಯುತ್ತಾರೆ, ದೂರದೃಷ್ಟಿಯಿಲ್ಲ ಎಂಬ ದೂರು ಮೊದಲ ಪುಸ್ತಕದಿಂದ ಕೊನೆಯ ಚಿತ್ರದವರೆಗೂ ಕೇಳಿಬರುತ್ತದೆ. ಆತನ ಸಜ್ಜನ ಪಾತ್ರಗಳು ತಿಳಿಬಣ್ಣದವರು, ಸಜ್ಜನರ ನುಡಿಯವರು. ಪೋಲಿಗಳೂ ವಿದೂಷಕರೂ ಎಷ್ಟೋ ವೇಳೆ ಗಾಢವರ್ಣದವರು. 1938ರ ‘ಗಾಡ್ಸ್ ಸ್ಟೆಪ್ ಚಿಲ್ಡ್ರನ್’ ಚಿತ್ರದಲ್ಲಿ ತನ್ನ ಜನಾಂಗವನ್ನು ನಿರಾಕರಿಸಿದ ತಿಳಿಬಣ್ಣದ ಹುಡುಗಿ ಕೊನೆಗೆ ನೀರಿಗೆ ಬಿದ್ದು ಸಾಯುತ್ತಾಳೆ. ನ್ಯೂಯಾರ್ಕಿನಲ್ಲಿ ಎಡಪಂಥೀಯ ತರುಣರು ಅದರ ವಿರುದ್ಧ ಪ್ರತಿಭಟಿಸಿ ಪ್ರದರ್ಶನವನ್ನು ನಿಲ್ಲಿಸಿದರು. ಅವರ ಆಕ್ಷೇಪಣೆಯಲ್ಲಿ ಹುರುಳಿತ್ತೆಂದೇ ನಮ್ಮ ಅಭಿಪ್ರಾಯ. ಯಾರ ಮಾತನ್ನೂ ಕೇಳಬೇಕಾಗಿಲ್ಲದ ಸ್ಥಿತಿಯನ್ನು ಇಪ್ಪತ್ತು ವರ್ಷ ಬಯಸಿ ಕಟ್ಟಿಕೊಂಡವನಿಗೆ, ಕೇಳಬೇಕಾದ ಮಾತು ಬಂದಾಗಲೂ ಕಿವಿ ತೆರೆಯುವ ಅಭ್ಯಾಸವಿರಲಿಲ್ಲ. 1926ರಲ್ಲಿ ಆತನನ್ನು ವರಿಸಿದ ನಟಿ ಆಲಿಸ್ ಬಿ. ರಸೆಲ್ ಈ ಚಿತ್ರದಲ್ಲಿ ಸಾಕುತಾಯಿಯಾಗಿ ನಟಿಸಿದ್ದಾಳೆ; ಆತನ ನಿರ್ಮಾಣಕಾರ್ಯದಲ್ಲಿಯೂ ಆಕೆಯ ಪಾಲು ದೊಡ್ಡದು. ಒಬ್ಬನೇ ಎಲ್ಲವನ್ನೂ ಹೊತ್ತನೆಂದು ಮೇಲೆ ನಾವು ಹೇಳಿದ ಮಾತಿನಲ್ಲಿ ‘ಬಹುಮಟ್ಟಿಗೆ’ ಎಂಬುದನ್ನು ಸೇರಿಸಿದುದು ಇದಕ್ಕಾಗಿ.

1940ರ ದಶಕದಲ್ಲಿ ಚಿತ್ರಗಳಿಗೆ ಹಣ ಹುಟ್ಟದೆ ಮಿಶೋ ಪುನಃ ಕಾದಂಬರಿಗಳಿಗೆ ಮರಳಿದನು, ಪುನಃ ತಾನೇ ಹೊತ್ತು ಮಾರಿದನು. ಆ ಸಂಪಾದನೆಯ ಬಲದಿಂದ 1948ರಲ್ಲಿ ‘ದಿ ಬಿಟ್ರೇಯಲ್’ ಎಂಬ ಮೂರು ಗಂಟೆಗೂ ಮೀರಿದ ಚಿತ್ರವನ್ನು ತೆಗೆದನು. ಅದರ ಕಥೆಯೂ ಡಕೋಟದ ಹೊಲದ್ದೇ. 1913ರಿಂದ ಬಗೆಬಗೆಯಾಗಿ ಹೇಳಿದ ಕಥೆ. ಪತ್ರಿಕೆಗಳು ಹಳಿದುವು, ಪ್ರೇಕ್ಷಕರು ಬರಲಿಲ್ಲ. ಮೂರು ವರ್ಷಗಳಲ್ಲಿ ಆತ ತೀರಿಕೊಂಡನು. 1986ರಲ್ಲಿ ಅಮೆರಿಕದ ನಿರ್ದೇಶಕರ ಸಂಘವು ಮರಣೋತ್ತರ ಗೌರವವನ್ನಿತ್ತಿತು. 2010ರಲ್ಲಿ ಅಂಚೆಚೀಟಿಯೊಂದು ಹೊರಟಿತು.

‘ದಿ ಹೋಮ್‌ಸ್ಟೆಡರ್’ ಆಗಲಿ ‘ದಿ ಬಿಟ್ರೇಯಲ್’ ಆಗಲಿ ಇಂದು ಉಳಿದಿಲ್ಲ. ಮೊದಲನೆಯ ಚಿತ್ರವೂ ಕೊನೆಯ ಚಿತ್ರವೂ ಇಲ್ಲದ ನಿರ್ಮಾಪಕನ ಇತಿಹಾಸವನ್ನು ಪರ್ಲ್ ಬೌಸರ್, ಲೂಯಿಸ್ ಸ್ಪೆನ್ಸ್ ಮುಂತಾದ ಸಂಶೋಧಕಿಯರು ಕಪ್ಪು ಜನರ ವಾರಪತ್ರಿಕೆಗಳ ಜಾಹೀರಾತುಗಳಿಂದಲೂ ಕಾಗದಪತ್ರಗಳಿಂದಲೂ ಕಟ್ಟಬೇಕಾಯಿತು. 1922ರಲ್ಲಿ ಸ್ಥಾಪಿತವಾದ ವರ್ಜೀನಿಯದ ಸೆನ್ಸಾರ್ ಮಂಡಲಿಗೂ ಮಿಶೋನಿಗೂ ನಡೆದ ಜಗಳದ ಪತ್ರಗಳು ಉಳಿದಿವೆ. ನ್ಯೂಯಾರ್ಕಿನ ಮಂಡಲಿಯ ಕಡತಗಳೂ ಉಳಿದಿವೆ. ಯಾವ ದೃಶ್ಯವನ್ನು ತೆಗೆಯತಕ್ಕದ್ದು, ಯಾವ ಫಲಕವನ್ನು ಅಳಿಸತಕ್ಕದ್ದು ಎಂದು ಅಲ್ಲಿನ ಗುಮಾಸ್ತರು ಬರೆದಿಟ್ಟುದರಿಂದಲೇ ಆ ದೃಶ್ಯಗಳಲ್ಲಿ ಏನಿದ್ದಿತೆಂಬುದು ಎಷ್ಟೋ ವೇಳೆ ನಮಗೆ ತಿಳಿಯುತ್ತದೆ.